ಊದಮ್ಮ ಬರೆದ ಷರಾ

...ಇಲ್ಲ, ಏಳಬೇಡ. ಕೂತ್ಕೋ. ಆ ಕುರ್ಚಿ ಸ್ವಲ್ಪ ಅಲ್ಲಾಡುತ್ತೆ ಅಷ್ಟೇ, ಬೀಳಲ್ಲ. ಬಾಗಿಲು ಹಾಕಿದ್ದು ನಾನೇ. ಹೊರಗೆ ಸಾಲಲ್ಲಿ ಕೂತವರ ಕೆಮ್ಮು ಒಳಗೆ ಕೇಳಿಸುತ್ತೆ, ಪರೀಕ್ಷೆಗೆ ತೊಂದರೆ ಅಂತ... ಏನು, ಬಾಗಿಲ ಕಡೆಗೇ ನೋಡ್ತಿದೀಯ? ಚಿಲಕ ಹಾಕಿಲ್ಲಮ್ಮ! ಸುಮ್ಮನೆ ಮುಂದೆ ಮಾಡಿದೀನಿ.

ಗುರುವಾರ ನನಗೆ ರಜೆ ಅಂತ ನೋಡಿಕೊಂಡೇ ಬಂದಿದೀಯ, ಅಲ್ವಾ? ಬೇಡ, ತಲೆ ಆಡಿಸಬೇಡ, ನನಗೆ ಗೊತ್ತು. ನಿನ್ನೆ ನಿನ್ನ ಪರೀಕ್ಷೆಯ ಚೀಟಿ ಕಣ್ಣಿಗೆ ಬಿತ್ತು, ಇವತ್ತಿನ ಪಾಳಿ ನಾನೇ ಬದಲಾಯಿಸಿಕೊಂಡೆ. ಸ್ವಂತ ಗಂಡನ ಅಕ್ಕ, ಒಂದೇ ಮನೆ, ಒಂದೇ ಅಡುಗೆ. ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯಲ್ಲಿ ಉಸಿರು ಪರೀಕ್ಷೆ ಮಾಡ್ತಿರೋಳು. ನೀನು ಅವಳಿಲ್ಲದ ದಿನ ಹುಡುಕಿಕೊಂಡು ಬರ್ತೀಯ! ಜನ ಏನಂದುಕೊಳ್ತಾರೆ?

ಸರಿ ಬಿಡು. ಶಾಲು ಸ್ವಲ್ಪ ಸಡಿಲ ಮಾಡು... ಆ, ಗಾಯ ಚೆನ್ನಾಗಿ ಮಾಗಿದೆ. ಒಂದು ರೂಪಾಯಿ ಬಿಲ್ಲೆ ಅಷ್ಟು ಕಲೆ ಉಳಿಯುತ್ತೆ ಅಷ್ಟೇ. ಮುಟ್ಟಲ್ಲ, ಮುಟ್ಟಲ್ಲ! ದೂರದಿಂದಲೇ ನೋಡಿದೆ.

ಮಾತಾಡಬಹುದು ಅಂತ ಗಂಟಲು ಡಾಕ್ಟರಮ್ಮ ಹೇಳಿ ಮೂರು ವಾರ ಆಯ್ತು. ನೀನು ನನ್ನ ತಮ್ಮನ ಜೊತೆ ಮಾತಾಡೋದು ಗೋಡೆ ಆಚೆಯಿಂದ ಕೇಳುತ್ತೆ. ಮೊದಲಿನ ದನಿ ಅಲ್ಲ, ಸ್ವಲ್ಪ ದಪ್ಪ ಆಗಿದೆ, ಆದರೂ ದನಿ ದನಿಯೇ. ನಾನು ನೀರಿನ ಲೋಟ ಹಿಡಿದು ಒಳಗೆ ಬಂದೆನೋ, ನಲ್ಲಿ ತಿರುಗಿಸಿದ ಹಾಗೆ ನಿಂತುಬಿಡುತ್ತೆ. ಯಾಕೆ? ಸುಸ್ತಾ? ಸುಸ್ತೇ ಇರಬೇಕು. ನಾನು ತಮ್ಮನಿಗೂ ಅದೇ ಹೇಳಿದೆ, "ಅವಳಿಗೆ ಸುಸ್ತು ಕಣೋ, ಬಲವಂತ ಮಾಡಬೇಡ" ಅಂತ.

ನೋಡು, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದು ಯಾರ ತಪ್ಪೂ ಅಲ್ಲ. ಡಾಕ್ಟರಮ್ಮನೇ ಹೇಳಿದರಲ್ಲ, ಲಕ್ಷಕ್ಕೆ ಒಬ್ಬರಿಗೆ ಬಂದರೆ ಹೆಚ್ಚು ಅಂತ. ಕ್ಯಾನ್ಸರ್ ಅಲ್ಲ, ಕ್ಷಯ ಅಲ್ಲ, ಅಂಟುರೋಗ ಅಲ್ಲ. ಧ್ವನಿಪೆಟ್ಟಿಗೆಯ ಕೆಳಗೆ ಸುಮ್ಮಸುಮ್ಮನೆ ಗಾಯದ ಚರ್ಮ ಬೆಳೆದು, ಉಂಗುರದ ಹಾಗೆ ಸುತ್ತಿಕೊಂಡು, ವರ್ಷಗಟ್ಟಲೆ ನಿಧಾನಕ್ಕೆ ಬಿಗೀತಾ ಹೋಗುತ್ತೆ. ಬರೋದೆಲ್ಲ ನಿನ್ನ ವಯಸ್ಸಿನ ಹೆಂಗಸರಿಗೇ. ಯಾಕೆ ಬರುತ್ತೆ ಅಂದರೆ ದೊಡ್ಡ ದೊಡ್ಡವರಿಗೇ ಗೊತ್ತಿಲ್ಲ. ಹೆಬ್ಬೆರಳು ಹೋಗುವಷ್ಟು ದಾರಿ ಇರಬೇಕಾದಲ್ಲಿ ನಿನಗೆ ಎಳನೀರಿನ ಸ್ಟ್ರಾ ಅಷ್ಟಿತ್ತಂತೆ! ಅದರಲ್ಲೇ ಉಸಿರಾಡಿಕೊಂಡು ಮೂರನೇ ಮಹಡಿ ಹತ್ತುತ್ತಿದ್ದೆ, ಬಟ್ಟೆ ಒಗೀತಿದ್ದೆ, ಕೆಲಸಕ್ಕೆ ಹೋಗ್ತಿದ್ದೆ. ಅಂಥದ್ದನ್ನ ಯಾರು ಕಂಡುಹಿಡೀತಾರೆ? ಎದೆ ಡಾಕ್ಟರು ಆಸ್ತಮಾ ಅಂದರು. ಹತ್ತು ಜನ ಡಾಕ್ಟರಲ್ಲಿ ಒಂಬತ್ತು ಜನ ಹಾಗೇ ಅಂತಾರೆ.

ಯಾಕೆ ಹಾಗೆ ನಗ್ತೀಯ? ...ನಗು ಅಲ್ವಾ ಅದು?

ನಾವು ಗೇಲಿ ಮಾಡಿದ್ದು ಜ್ಞಾಪಕ ಬಂತಾ? ಮಾಡಿದೀವಿ, ಇಲ್ಲ ಅನ್ನಲ್ಲ. ತರಕಾರಿ ಚೀಲ ಹಿಡಿದು ಮೆಟ್ಟಿಲಲ್ಲಿ ನಿಂತುಬಿಡ್ತಿದ್ದೆ. ಎರಡನೇ ಮಹಡಿ ತಿರುವಿನಲ್ಲಿ, ಆ ಕಿಟಕಿ ಹತ್ತಿರ. ನಾನು ಮೇಲಿಂದ ಬಗ್ಗಿ, "ಏನಮ್ಮಾ, ಮಹಾರಾಣಿಯ ಮೆರವಣಿಗೆ ಅಲ್ಲೇ ಬಿಡಾರ ಹೂಡ್ತಾ?" ಅಂತಿದ್ದೆ. ತಮ್ಮನೂ ನಗ್ತಿದ್ದ. ನೀನೂ ನಗ್ತಿದ್ದೆ ತಾನೆ? ಆಮೇಲೆ ಆಮೇಲೆ ನಗೋದು ಬಿಟ್ಟೆ. ನಗೋದಕ್ಕೂ ಉಸಿರು ಬೇಕಲ್ಲ...

ಮನೆಗೆ ಸೊಸೆ ಬಂದರೆ ಮೈಗಳ್ಳಿ ಅಂತ ಅನುಮಾನ ಬರೋದು ಸಹಜ ಕಣೆ. ಅಪ್ಪ ಅಮ್ಮ ಹೋದಮೇಲೆ ಅವನನ್ನ ಸಾಕಿದೋಳು ನಾನು. ಅವನ ಪರೀಕ್ಷೆಗೆ ನಾನು ನಿದ್ದೆಗೆಟ್ಟವಳು. ಅವನ ಮನೆ, ಅವನ ಹೆಂಡತಿ, ನನಗೆ ಕಾಳಜಿ ಇರಲ್ವಾ?

ನಿನ್ನ ಕೆಲಸದ ವಿಷಯವೂ ಅಷ್ಟೇ. ರೈಲು ನಿಲ್ದಾಣದ ಮೈಕಿನಲ್ಲಿ ನಿನ್ನ ದನಿ ಕೇಳೋಕೆ ಅಂತಲೇ ನಾನು ಒಮ್ಮೊಮ್ಮೆ ಆ ಕಡೆಯಿಂದ ಬರ್ತಿದ್ದೆ, ಗೊತ್ತಾ? "ಪ್ರಯಾಣಿಕರು ದಯವಿಟ್ಟು ಗಮನಿಸಿ" ಅಂತ ಶುರು ಮಾಡಿದರೆ ಜೇನು ಸುರಿದ ಹಾಗೆ ಇರ್ತಿತ್ತು. ಹೆಮ್ಮೆ ಆಗ್ತಿತ್ತು. ಪಕ್ಕದವರಿಗೆ ಹೇಳ್ತಿದ್ದೆ, ನಮ್ಮ ಮನೆ ಹುಡುಗಿ ಅಂತ. ಆಮೇಲೆ ಒಂದು ದಿನ ಕೇಳಿದೆ. "ಮೂರನೇ ಪ್ಲಾಟ್‌ಫಾರ್ಮಿಗೆ..." ಅಂದು ನಿಂತೆ. ಉಸಿರು ಎಳೆದೆ. ಆ ಸದ್ದು! ಮೈಕಿನಲ್ಲಿ, ಇಡೀ ನಿಲ್ದಾಣಕ್ಕೆ... ಹಳೇ ಬಾಗಿಲು ಕಿರುಗುಟ್ಟಿದ ಹಾಗೆ, ಯಾರೋ ಸೀಟಿ ನುಂಗಿದ ಹಾಗೆ. ಜನ ತಲೆ ಎತ್ತಿ ನೋಡಿದರು. ಒಬ್ಬ ಹಾಗೇ ಅಣಕಿಸಿದ. ತಿಂಗಳೊಳಗೆ ನಿನ್ನನ್ನ ಮೈಕಿನಿಂದ ಎಬ್ಬಿಸಿ ಕಡತದ ಕೋಣೆಗೆ ಹಾಕಿದರು.

ಉಸಿರು ಎಳೆಯುವಾಗ. ಹೌದು. ಎಳೆಯುವಾಗಲೇ ಸದ್ದು ಬರ್ತಿತ್ತು. ಆಸ್ತಮಾದವರಿಗೆ ಬಿಡುವಾಗ ಬರೋದು... ಅಲ್ಲ, ಕೆಲವರಿಗೆ ಹಾಗೂ ಬರುತ್ತೆ, ಹೀಗೂ ಬರುತ್ತೆ. ಅದನ್ನೆಲ್ಲ ನೋಡಬೇಕಾದ್ದು ಡಾಕ್ಟರು. ನಾನಲ್ಲ.

ಇರು, ಯಂತ್ರ ಬಿಸಿ ಆಗಲಿ. ಹೊಸ ಬಾಯಿಕೊಳವೆ ತೆಗೀತೀನಿ. ಅವಸರ ಏನಿದೆ?

ಹೋದ ವರ್ಷ ಇದೇ ಕುರ್ಚಿ ಮೇಲೆ ಕೂತಿದ್ದೆ ನೀನು. ಎದೆ ಡಾಕ್ಟರು ಕಳಿಸಿದ್ದರು. ಹದಿನಾಲ್ಕು ತಿಂಗಳಾಯ್ತಾ? ಅವತ್ತು ಈ ಯಂತ್ರ ಬೇರೆ ಸರಿ ಇರಲಿಲ್ಲ. ಇರಲಿಲ್ಲ ಅಂದರೆ... ಅದು ಆಗಾಗ ಕೈಕೊಡ್ತಿತ್ತು. ರೋಗಿ ಸರಿಯಾಗಿ ಊದದೆ ಇದ್ದರೆ ಅದೇ ತನ್ನಷ್ಟಕ್ಕೆ ಹಾಗಂತ ಷರಾ ಬರೆದುಬಿಡುತ್ತೆ. "ರೋಗಿ ಸರಿಯಾಗಿ ಊದಲಿಲ್ಲ. ಪರೀಕ್ಷೆ ನಂಬಲರ್ಹವಲ್ಲ." ಅದೊಂದು ಸಾಲು. ಡಾಕ್ಟರು ಆ ಸಾಲು ಓದಿದರು, ಯಂತ್ರ ಬರೆದ ಉಸಿರಿನ ಗೆರೆ ನೋಡಲಿಲ್ಲ. ಅದಕ್ಕೆ ನಾನೇನು ಮಾಡಲಿ? ಗೆರೆ ಅಲ್ಲೇ ಇತ್ತಲ್ಲ, ಕಾಗದದ ಮೇಲೆ!

ಏನು ಹಾಗೆ ದುರುಗುಟ್ಟಿ ನೋಡ್ತೀಯ?

...ಸರಿ. ಯಂತ್ರ ಬರೆಯಲ್ಲ. ನಾನು ಟೈಪ್ ಮಾಡಿದ್ದು. ಆದರೆ ನೀನು ಸರಿಯಾಗಿ ಊದಲಿಲ್ಲ, ಅದಂತೂ ನಿಜ ತಾನೆ? ಎಂಟು ಸಲ ಊದಿಸಿದೆ. ನಿಯಮ ಎಂಟೇ ಸಲ. "ಊದು, ಊದು, ಊದು, ಇನ್ನೂ ಊದು, ಬಿಡಬೇಡ" ಅಂತ ಗಂಟಲು ಹರಿದುಕೊಂಡೆ. ಅದಕ್ಕೇ ನನ್ನನ್ನ ಆಸ್ಪತ್ರೆ ತುಂಬ ಊದಮ್ಮ ಅಂತಾರೆ. ಕಾವಲುಗಾರನೂ ಊದಮ್ಮ, ಗುಡಿಸೋರೂ ಊದಮ್ಮ. ನನ್ನ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ನಿನ್ನ ಮುಖ ಕೆಂಪಾಯ್ತು, ಕಣ್ಣಲ್ಲಿ ನೀರು ಬಂತು. ಆದರೂ ಪರದೆ ಮೇಲೆ ಗೆರೆ ಮೇಲೇಳಲಿಲ್ಲ.

ಆಮೇಲಿನದು ನನಗೆ ಗೊತ್ತಿಲ್ಲದ್ದೇನಲ್ಲ. ಒಂದೇ ಮನೆ. ಎದೆಗೆ ಎಳೆದುಕೊಳ್ಳೋ ಔಷಧಿ ಒಂದಾಯ್ತು, ಎರಡಾಯ್ತು. ಮಾತ್ರೆ ಶುರುವಾಯ್ತು. ಮಾತ್ರೆಗೆ ಮುಖ ಊದಿ ಕುಂಬಳಕಾಯಿ ಆಯ್ತು, ಮದುವೆ ಬಳೆ ಕೈಗೆ ಏರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ದಿಂಬು ಕೊಟ್ಟು ಕೂತೇ ಕಣ್ಣು ಮುಚ್ಚುತ್ತಿದ್ದೆ. ತಮ್ಮನಿಗೆ ನಿನ್ನ ಉಸಿರಿನ ಸದ್ದಿಗೆ ನಿದ್ದೆ ಬರಲ್ಲ ಅಂತ ಹೊರಗಿನ ಕೋಣೆಗೆ ಹೋದ. ಕೊನೆಗೆ ಎದೆ ಡಾಕ್ಟರು, "ಇಷ್ಟು ಔಷಧಿಗೂ ಬಗ್ಗಲ್ಲ ಅಂದರೆ ಇದು ಮನಸ್ಸಿನದು" ಅಂತ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. "ಊದೋಕೂ ಮನಸ್ಸು ಮಾಡಿಲ್ಲ, ವರದಿಯಲ್ಲೇ ಇದೆ" ಅಂದರಂತೆ.

ಅವತ್ತು ನೀನು ಅಡುಗೆಮನೆಯಲ್ಲಿ ಕೂತು ಅತ್ತಿದ್ದು ನೋಡಿದೆ. ಬಾಗಿಲಲ್ಲೇ ನಿಂತಿದ್ದೆ. ಹೇಳೋಣ ಅಂದುಕೊಂಡೆ... ಸಮಾಧಾನ ಹೇಳೋಣ ಅಂತ. ಸಮಾಧಾನ.

ಅದೆಲ್ಲ ಬಿಡು! ಕೊನೆಗೆ ಕಾಪಾಡಿದ್ದು ಯಾರು? ಅದನ್ನ ಹೇಳು. ತಮ್ಮ ಊರಲ್ಲಿರಲಿಲ್ಲ. ಭಾನುವಾರ, ನಾಲ್ಕು ಗಂಟೆ. ಮೆಟ್ಟಿಲ ತಿರುವಿನಲ್ಲಿ ಏನೋ ಬಿದ್ದ ಸದ್ದು. ಓಡಿಬಂದೆ. ನೀನು ಗೋಡೆ ಹಿಡಿದು ಕೂತಿದ್ದೆ, ತುಟಿ ನೇರಳೆ, ಕತ್ತಿನ ಗುಂಡಿ ಒಳಗೆ ಒಳಗೆ ಎಳೀತಿತ್ತು. ಸದ್ದೇ ಇರಲಿಲ್ಲ. ಅಷ್ಟು ದಿನ ಸದ್ದು ಮಾಡ್ತಿದ್ದ ಉಸಿರು ಸದ್ದು ನಿಲ್ಲಿಸಿಬಿಟ್ಟಿತ್ತು. ಆ ಮೌನ ಕೇಳಿ ನನ್ನ ಜೀವ ಬಾಯಿಗೆ ಬಂತು. ಕೆಳಗಿನ ಮನೆಯವರ ಕಾರಿನಲ್ಲಿ ಹಾಕಿಕೊಂಡು, ನಿನ್ನ ತಲೆ ನನ್ನ ತೊಡೆ ಮೇಲೆ...

ಇಲ್ಲಿ ತುರ್ತು ಕೋಣೆಯಲ್ಲಿ ಆ ಡಾಕ್ಟರು ಬಾಯಿಂದ ಕೊಳವೆ ತೂರಿಸ್ತಿದ್ದಾರೆ, ಹೋಗ್ತಿಲ್ಲ. ಸಣ್ಣದು ತಗೊಂಡರು, ಹೋಗ್ತಿಲ್ಲ. ನಾನು ಪರದೆ ಸರಿಸಿ ನುಗ್ಗಿದೆ. "ಎದೆ ಅಲ್ಲ ಸಾರ್! ಧ್ವನಿಪೆಟ್ಟಿಗೆ ಕೆಳಗೆ ಕಟ್ಟಿದೆ! ಬಾಯಿಂದ ಹೋಗಲ್ಲ, ಕತ್ತು ಕೊಯ್ದು ಕೆಳಗಿಂದ ದಾರಿ ಮಾಡಿ, ಕೆಳಗಿಂದ!" ಅಂತ ಕಿರುಚಿದೆ. ಅವರು ನನ್ನ ಮುಖ ನೋಡಿದರು, ಚಾಕು ಕೇಳಿದರು. ಎರಡೇ ನಿಮಿಷ. ಕತ್ತಿನಿಂದ ಬುಸ್ ಅಂತ ಗಾಳಿ ಒಳಗೆ ಹೋಯ್ತು, ನಿನ್ನ ಉಗುರು ಬಣ್ಣ ತಿರುಗಿತು. ಇನ್ನೆರಡು ನಿಮಿಷ ತಡ ಆಗಿದ್ದರೆ ದೇವರೇ ಗತಿ ಅಂತ ಆಮೇಲೆ ಅವರೇ ಹೇಳಿದರು. ತಮ್ಮ ಬಂದವನು ನನ್ನ ಕಾಲು ಹಿಡಿದು ಅತ್ತ, ಗೊತ್ತಾ ನಿನಗೆ? "ಅಕ್ಕಾ, ನನ್ನ ಸಂಸಾರ ಉಳಿಸಿಕೊಟ್ಟೆ" ಅಂದ. ಆಸ್ಪತ್ರೆಯಲ್ಲಿ ಎಲ್ಲರೂ...

ಏನು?

ಹಾಗ್ಯಾಕೆ ನೋಡ್ತಿದೀಯ?

ಗಂಟಲು ಡಾಕ್ಟರಮ್ಮ ಮೂಗಿನಿಂದ ಕ್ಯಾಮೆರಾ ಇಳಿಸಿ ಆ ಉಂಗುರ ನೋಡಿದ್ದು ಮಂಗಳವಾರ, ಗೊತ್ತು. ಮಂಗಳವಾರದ ತನಕ ಅದು ಎಲ್ಲಿ ಕಟ್ಟಿದೆ ಅಂತ ಭೂಮಿ ಮೇಲೆ ಯಾರಿಗೂ... ಯಾರಿಗೂ...

ನಿನಗೆ ಕೇಳಿಸಿತ್ತಾ? ನಾನು ಕೂಗಿದ್ದು? ನಿನಗೆ ಪ್ರಜ್ಞೆ ಇತ್ತಾ ಆಗ?

ತಲೆ ತೂಗ್ತೀಯ. ಇತ್ತು.

...ನೀರು ಕುಡೀತೀಯಾ? ನಾನು ಕುಡೀತೀನಿ.

ಸದ್ದಿನಿಂದ ಗೊತ್ತಾಯ್ತು ಕಣೆ ನನಗೆ. ಇಪ್ಪತ್ತೆರಡು ವರ್ಷದ ಅನುಭವ ಅಲ್ವಾ? ಆ ಹೊತ್ತಿಗೆ ಏನೋ ಹೊಳೀತು. ಬಾಯಿಗೆ ಬಂದದ್ದು ಕೂಗಿದೆ, ಅದೃಷ್ಟಕ್ಕೆ ಸರಿಯಾಯ್ತು. ಕುರುಡು ಏಟು ಗುರಿಗೆ ತಾಗಿದ ಹಾಗೆ. ಅಷ್ಟೇ. ಅಷ್ಟೇ ಅಂತ ಹೇಳ್ತಿದೀನಲ್ಲ! ನಂಬಲ್ವಾ? ನಂಬಿಕೆ ಇಲ್ಲದಿದ್ದರೆ ಕೇಳು, ಬೈಯಿ, ಏನಾದರೂ ಅನ್ನು! ಈ ಥರ ಸುಮ್ಮನೆ ಕೂತರೆ... ಕುಂಬಳಕಾಯಿ ಕಳ್ಳ ಅಂತ ನೀನು ಒಂದು ಮಾತೂ ಆಡಿಲ್ಲ, ನಾನೇ ಕೂತು ಹೆಗಲು ಮುಟ್ಟಿ ನೋಡಿಕೊಳ್ತಿದೀನಿ.

ಆರು ವಾರದಿಂದ ನೀನು ಸುಸ್ತಾಗಿ ಸುಮ್ಮನಿದ್ದದ್ದಲ್ಲ, ಅಲ್ವಾ? ನಾನಾಗಿ ಹೇಳಲಿ ಅಂತ ಕಾಯ್ತಿದ್ದೆ.

ತಮ್ಮನಿಗೆ ಹೇಳಿದೀಯಾ?

ಇಲ್ಲ. ...ಇಲ್ಲ.

ಕೇಳು ಹಾಗಾದರೆ. ನಾನು ಈ ಕೆಲಸ ಕಲಿಯುವಾಗ ಒಬ್ಬ ಹಳೇ ಮೇಷ್ಟ್ರು ಇದ್ದರು. ಒಂದು ದಿನ ಒಂದು ಕಾಗದ ತೋರಿಸಿದರು. ಆರೋಗ್ಯವಾಗಿ ಇರೋರು ಊದಿದರೆ ಗೆರೆ ಮೊದಲು ಚೂಪಾಗಿ ಗುಡ್ಡದ ಹಾಗೆ ಎದ್ದು ಆಮೇಲೆ ಇಳಿಯುತ್ತೆ. ಉಸಿರು ಎಳೆದರೆ ಕೆಳಗೆ ಬಟ್ಟಲಿನ ಹಾಗೆ ಗುಂಡಗೆ ಬರುತ್ತೆ. ಆ ಕಾಗದದಲ್ಲಿ ಗುಡ್ಡವೂ ಇಲ್ಲ, ಬಟ್ಟಲೂ ಇಲ್ಲ. ಮೇಲೂ ಚಪ್ಪಟೆ, ಕೆಳಗೂ ಚಪ್ಪಟೆ. ಕತ್ತರಿ ಹಾಕಿದ ಹಾಗೆ. "ಇದು ಎದೆ ಅಲ್ಲಮ್ಮ, ಇದು ದಾರಿ ಕಟ್ಟಿರೋದು, ಮೇಲೆ, ಗಂಟಲಲ್ಲಿ" ಅಂದರು. "ನಿನ್ನ ಜೀವಮಾನದಲ್ಲಿ ಒಂದೋ ಎರಡೋ ನೋಡ್ತೀಯ. ನೋಡಿದ ದಿನ ಬಿಡಬೇಡ." ಇಪ್ಪತ್ತೊಂದು ವರ್ಷ ನೋಡಲಿಲ್ಲ. ಆಮೇಲೆ ನೋಡಿದೆ. ಈ ಪರದೆ ಮೇಲೆ.

ಗೊತ್ತಾಯ್ತು ನನಗೆ. ನೋಡಿದ ತಕ್ಷಣ ಗೊತ್ತಾಯ್ತು.

ಯಾಕೆ ಅಂತ ಕೇಳ್ತಿದೀಯಾ? ಕಣ್ಣಲ್ಲೇ ಕೇಳ್ತಿದೀಯ... ನಿನಗೆ ನೆನಪೇ ಇಲ್ಲ ಅಂತ ಕಾಣುತ್ತೆ. ನಾಲ್ಕನೇ ಸಲ ಊದಿ ನೀನು ಸುಸ್ತಾಗಿದ್ದೆ. ಬಾಗಿಲು ತೆರೆದಿತ್ತು, ಹೊರಗೆ ಹತ್ತು ಹನ್ನೆರಡು ಜನ ಸಾಲಲ್ಲಿದ್ದರು. ನಾನು "ಊದು ಊದು" ಅಂತಿದ್ದೆ. ನೀನು ಬಾಯಿಂದ ಕೊಳವೆ ತೆಗೆದು, "ಅತ್ತಿಗೆ, ಕಿರುಚಬೇಡಿ. ನೀವು ಪೈಪು ಹಿಡಿಯೋರು, ಡಾಕ್ಟರಲ್ಲ" ಅಂದೆ. ಸಾಲಿನವರು ನಕ್ಕರು. ಒಬ್ಬ ಜೋರಾಗಿ ನಕ್ಕ. ನಾನೂ ನಕ್ಕೆ... ನಕ್ಕು ಈ ಕಡೆ ತಿರುಗಿದೆ. ಆಮೇಲೆ ಇನ್ನೂ ನಾಲ್ಕು ಸಲ ಊದಿಸಿದೆ. ಗೆರೆ ನೋಡಿದೆ. ಫೋನ್ ಇಲ್ಲೇ ಇತ್ತು, ಕೈ ಚಾಚಿದರೆ ಸಿಗೋ ಹಾಗೆ. ಪೈಪು ಹಿಡಿಯೋಳಿಗೆ ಇದೆಲ್ಲ ಯಾಕೆ ಅನ್ನಿಸ್ತು. ಡಾಕ್ಟರೇ ಕಂಡುಹಿಡಿಯಲಿ ಅನ್ನಿಸ್ತು. ಒಂದು ವಾರ ಅನುಭವಿಸಲಿ, ಆಮೇಲೆ ಹೇಳಿದರಾಯ್ತು ಅಂದುಕೊಂಡೆ. ಒಂದೇ ವಾರ ಅಂದುಕೊಂಡೆ ಕಣೆ! ವಾರ ಆದಮೇಲೆ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಅಂತಾರೆ. ತಿಂಗಳಾದಮೇಲೆ ಇನ್ನೂ ಹೆಚ್ಚು ಕೇಳ್ತಾರೆ. ದಿನ ಕಳೆದ ಹಾಗೆ ನನ್ನ ಬಾಯಿಗೂ ಅಂಥದೇ ಒಂದು ಉಂಗುರ...

ಅಲ್ಲ. ಅದನ್ನ ಇದಕ್ಕೆ ಹೋಲಿಸಬಾರದು. ನೀನು ಉಸಿರು ಕಟ್ಟಿ ಸಾಯ್ತಿದ್ದೆ. ನನಗೆ ಮುಖ ಉಳಿಸಿಕೊಳ್ಳಬೇಕಾಗಿತ್ತು.

ಏನು ಮಾಡ್ತಿದೀಯ? ಕೊಡು ಇಲ್ಲಿ, ಆ ಕ್ಲಿಪ್ಪು ಹಾಗಲ್ಲ, ಮೂಗಿಗೆ ಸ್ವಲ್ಪ ಮೇಲೆ ಹಾಕಬೇಕು... ನೀನೇ ಹಾಕಿಕೊಳ್ತೀಯಾ? ಸರಿ. ಈಗಲೇ ಪರೀಕ್ಷೆ ಬೇಕಾ? ನನ್ನ ಕೈಯಲ್ಲೇ? ಬೇರೆಯವರನ್ನ ಕರೀಲಾ?

ನನ್ನ ಕೈಯಲ್ಲೇ.

ಸರಿ. ಬೆನ್ನು ನೆಟ್ಟಗೆ. ಕೊಳವೆ ಸುತ್ತ ತುಟಿ ಬಿಗಿ. ಎರಡು ಸಲ ಸಾಮಾನ್ಯವಾಗಿ ಉಸಿರಾಡು. ಈಗ ಪೂರ್ತಿ ಎಳಕೋ, ಪೂರ್ತಿ, ಹೊಟ್ಟೆ ತುಂಬ... ಊದು! ಊದು ಊದು ಊದು, ಬಿಡಬೇಡ, ಇನ್ನೂ ಇದೆ, ಇನ್ನೂ... ಈಗ ಜೋರಾಗಿ ಒಳಗೆ ಎಳಿ! ...ಹಾಂ. ಸಾಕು. ಸುಧಾರಿಸಿಕೋ.

...

ಒಂದು ನಿಮಿಷ. ಇನ್ನೊಂದು ಸಲ ನೋಡೋಣ. ಸುಮ್ಮನೆ, ಖಾತ್ರಿಗೆ. ಎಳಕೋ. ಊದು, ಊದು, ಊದು, ಊದು... ಒಳಗೆ ಎಳಿ.

ಮತ್ತೊಂದು.

ನೀನು ಪರದೆ ನೋಡ್ತಿಲ್ಲ. ನನ್ನ ಮುಖ ನೋಡ್ತಿದೀಯ.

ಆಪರೇಷನ್ ಆದ ವಾರದ ಗೆರೆ ಇಲ್ಲಿದೆ, ನೀಲಿದು. ಗುಡ್ಡ ಇದೆ, ನೋಡು. ಲೇಸರಿನಿಂದ ಉಂಗುರ ಸೀಳಿ, ಬಲೂನು ಹಾಕಿ ಹಿಗ್ಗಿಸಿದ್ದು, ಎಷ್ಟು ಚೆನ್ನಾಗಿ ತೆರೆದಿತ್ತು! ಕೆಂಪು ಇವತ್ತಿನದು. ತಲೆ ತಗ್ಗಿದೆ. ಪೂರ್ತಿ ಚಪ್ಪಟೆ ಅಲ್ಲ, ಇನ್ನೂ ಅಲ್ಲ... ಆದರೆ ತಗ್ಗಿದೆ. ಮತ್ತೆ ಕಟ್ಟಬಹುದು ಅಂತ ಡಾಕ್ಟರಮ್ಮ ಹೇಳಿದ್ದರು, ವರ್ಷಕ್ಕೋ ಎರಡು ವರ್ಷಕ್ಕೋ ಅಂತ. ಆರು ವಾರಕ್ಕೇ... ನಿನಗೇ ಗೊತ್ತಿತ್ತಾ? ಮೆಟ್ಟಿಲು ಹತ್ತುವಾಗ ಗೊತ್ತಾಗ್ತಿತ್ತಾ? ಅದಕ್ಕೇ ಇವತ್ತಿಗೆ ಚೀಟಿ ಬರೆಸಿಕೊಂಡು ಬಂದೆಯಾ?

ಹೆದರಬೇಡ. ಅಲ್ಲ, ಹೆದರು, ಹೆದರಿಕೆ ಇರಲಿ, ನನಗೂ ಹೆದರಿಕೆ ಆಗ್ತಿದೆ. ಆದರೆ ಇದಕ್ಕೆ ದಾರಿ ಇದೆ. ಮತ್ತೆ ಹಿಗ್ಗಿಸಬಹುದು, ಸೂಜಿ ಮದ್ದು ಕೊಡಬಹುದು. ಬೇಕಾದರೆ ಆ ಭಾಗವನ್ನೇ ಕತ್ತರಿಸಿ ಜೋಡಿಸ್ತಾರಂತೆ. ಬೇಗ ಗೊತ್ತಾದರೆ ಎಲ್ಲಕ್ಕೂ ದಾರಿ ಇದೆ.

ಮೂರೂ ಗೆರೆ ಒಂದರ ಮೇಲೊಂದು ಕೂತಿವೆ, ಕಾಣಿಸ್ತಾ? ಕೂದಲೆಳೆ ವ್ಯತ್ಯಾಸ ಇಲ್ಲ. ಮನಸ್ಸಿಲ್ಲದೆ ಊದೋರದು ಒಂದೊಂದು ಸಲ ಒಂದೊಂದು ಥರ ಬರುತ್ತೆ, ಈ ಥರ ಬರೋದೇ ಇಲ್ಲ. ಇದು ಮೊದಲ ತಿಂಗಳಲ್ಲೇ ಕಲಿಸೋ ಪಾಠ. ಹೋದ ವರ್ಷದ ನಿನ್ನ ಎಂಟು ಗೆರೆಯೂ...

ಇರು. ಫೋನ್ ಮಾಡ್ತೀನಿ. ಏಳಬೇಡ, ನಿನ್ನ ಮುಂದೆಯೇ ಮಾಡ್ತೀನಿ.

ಹಲೋ? ಡಾಕ್ಟರಮ್ಮ, ಉಸಿರು ಪರೀಕ್ಷೆ ಕೋಣೆಯಿಂದ. ಹೌದು, ನಾನೇ. ನಿಮ್ಮ ರೋಗಿ, ನನ್ನ ತಮ್ಮನ ಹೆಂಡತಿ, ಇಲ್ಲೇ ನನ್ನೆದುರಿಗೆ ಇದ್ದಾಳೆ. ಮತ್ತೆ ಕಟ್ತಾ ಇದೆ. ಇವತ್ತೇ ನೋಡಬೇಕು... ಇಲ್ಲ ಮೇಡಂ, ಸಂಶಯವೇ ಇಲ್ಲ, ಮೂರು ಸಲ ತೆಗೆದೆ. ಇನ್ನೊಂದು ವಿಷಯ ಇದೆ. ಹೋದ ವರ್ಷದ ವರದಿ ನಿಮ್ಮ ಕಡತದಲ್ಲಿ ಇರುತ್ತೆ, ತೆಗೀತೀರಾ? ಕೆಳಗೆ ಒಂದು ಸಾಲು ಷರಾ ಇದೆ, ನಾನು ಬರೆದದ್ದು... ಇಲ್ಲ, ಇವತ್ತು ಚೆನ್ನಾಗಿ ಊದಿದಳು.

ಅವತ್ತೂ ಚೆನ್ನಾಗಿಯೇ ಊದಿದ್ದಳು ಮೇಡಂ.